ಕಂಡಕ್ಟರ್ ಧನರಾಜ ಸ್ಟೀರಿಯೋ ಕೂರಿಸಲು ಕಲಿತದ್ದು

ಧನರಾಜನ ದನಿ ಪೂರ್ತಿ ಕೈಕೊಟ್ಟದ್ದು ವೇಣೂರಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ. ಮೂಡುಬಿದಿರೆಯಿಂದ ಬೆಳ್ತಂಗಡಿ ಕಡೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಅವನು ಕಂಡಕ್ಟರ್. ಬಸ್ಸು ತುಂಬಿ ಮೆಟ್ಟಿಲ ಮೇಲೂ ಜನ ನಿಂತಿದ್ದರು. ಹಿಂದಿನ ಬಾಗಿಲಲ್ಲಿ ನೇತುಕೊಂಡು "ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ" ಎಂದು ಕೂಗಲು ಬಾಯಿ ತೆರೆದ. ಗಾಳಿ ಬಂತು, ಶಬ್ದ ಬರಲಿಲ್ಲ. ಮಳೆಗಾಲ ಮುಗಿದಾಗಿನಿಂದಲೂ ಗಂಟಲು ಒಡೆದಿತ್ತು. ಕಾಳುಮೆಣಸಿನ ಕಷಾಯ, ಉಪ್ಪುನೀರು, ಯಾರೋ ಹೇಳಿದ ಮಾತ್ರೆ ಎಲ್ಲ ಆಗಿತ್ತು. ಅವತ್ತು ಉಳಿದ ದಾರಿಯನ್ನೆಲ್ಲ ಬಸ್ಸಿನ ತಗಡಿಗೆ ಕೈಯಿಂದ ಬಡಿದು, ಸೀಟಿ ಊದಿ ಹೇಗೋ ಮುಗಿಸಿದ.

ಮರುದಿನ ಹೆಂಡತಿ ವಿಸ್ಮಿತಾ ಅವನನ್ನು ಮೂಡುಬಿದಿರೆಯ ಗಂಟಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಮಡಂತ್ಯಾರಿನ ಸೊಸೈಟಿಯಲ್ಲಿ ಕೆಲಸ ಮಾಡುತ್ತಿದ್ದ ವಿಸ್ಮಿತಾ ಯಾವುದಕ್ಕೂ ಬೇಗ ಹೆದರುವವಳಲ್ಲ. ಆದರೆ ಅವಳ ಸೋದರಮಾವ ಒಬ್ಬರಿಗೆ ಗಂಟಲಿನ ಕ್ಯಾನ್ಸರ್ ಹೀಗೆಯೇ ಶುರುವಾಗಿತ್ತು. ಡಾಕ್ಟರು ಸಣ್ಣ ಕ್ಯಾಮರಾ ಒಳಗೆ ಬಿಟ್ಟು ನೋಡಿದರು. ಪರದೆಯ ಮೇಲೆ ದನಿಯ ಎರಡು ತಂತುಗಳು ಕಂಡವು. ಎರಡರಲ್ಲೂ ನಡುವಿಗೆ ಅಕ್ಕಿಕಾಳಿನಂಥ ಒಂದೊಂದು ಬಿಳಿ ಗಂಟು.

"ನೀವು ಹೆದರುವಂಥದ್ದು ಅಲ್ಲ ಇದು," ಎಂದರು ಡಾಕ್ಟರು. "ಕೂಗಿ ಕೂಗಿ ಆದದ್ದು. ಹಾರೆ ಹಿಡಿದವರ ಅಂಗೈ ಜಡ್ಡುಗಟ್ಟುವುದಿಲ್ವಾ, ಹಾಗೆ."

ವಿಸ್ಮಿತಾ ಮುಖಕ್ಕೆ ಸೆರಗು ಒತ್ತಿಕೊಂಡು ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬಂದಳು. ಅಷ್ಟರಲ್ಲಿ ಡಾಕ್ಟರು ಪಥ್ಯ ಹೇಳಿ ಮುಗಿಸಿದ್ದರು. ಕೆಲವು ವಾರ ಮಾತೇ ಇಲ್ಲ. ಪಿಸುಗುಟ್ಟುವುದೂ ಬೇಡ, ಅದರಿಂದಲೂ ಗಂಟಲಿಗೆ ತ್ರಾಸ. ಆಮೇಲೆ ಮೆಲ್ಲಗೆ, ಅವರು ಕಲಿಸುವ ರೀತಿಯಲ್ಲಿ ಮಾತ್ರ. ಅರ್ಧ ವರ್ಷ ಕಳೆದು ಮತ್ತೆ ನೋಡುವುದು. ಗಂಟು ಕರಗಿದರೆ ಸರಿ, ಇಲ್ಲವಾದರೆ ಆಪರೇಷನ್. ಕಂಡಕ್ಟರ್ ಕೆಲಸವನ್ನು ಮಾತ್ರ ಈಗಲೇ ಬಿಡಬೇಕು.

ಹೀಗೆ ಧನರಾಜ ಬಸ್ಸಿನಿಂದ ಇಳಿದ. ಮೊದಲ ಕೆಲವು ದಿನ ಅವನಿಗೆ ಒಂದು ರೀತಿಯ ಹಗುರ. ಜೀವಕ್ಕೆ ಏನೂ ಇಲ್ಲವಲ್ಲ ಎಂಬ ಸಮಾಧಾನದಲ್ಲಿ ಮಧ್ಯಾಹ್ನವೂ ನಿದ್ದೆ ಮಾಡಿದ. ತೊಂದರೆಯಾದದ್ದು ಮುಂಡಾಜೆಯ ಗುಡ್ಡದ ಮೇಲೆ ರಬ್ಬರು, ಅಡಿಕೆ ನೋಡಿಕೊಂಡಿದ್ದ ಅವನ ಅಪ್ಪ ಗುರುವಪ್ಪನವರಿಗೆ. ಅವರಿಗೆ ಕಿವಿ ಸ್ವಲ್ಪ ಮಂದ. ಫೋನಿನಲ್ಲಿ ಬೊಬ್ಬೆ ಹಾಕಿದರೆ ಮಾತ್ರ ಕೇಳುತ್ತಿತ್ತು. ಮೊಬೈಲಿನಲ್ಲಿ ಬರೆದು ಕಳಿಸಿದರೆ ಓದುವವರೂ ಅಲ್ಲ. ದಿನಾ ಸಂಜೆ ಮಾತಾಡುತ್ತಿದ್ದ ಮಗ ಒಮ್ಮೆಲೇ ಮೌನವಾದಾಗ ಅವರು ಸೊಸೆಯನ್ನು ಕೇಳಿದರು: "ಅವನಿಗೆ ನನ್ನ ಮೇಲೆ ಸಿಟ್ಟು ಉಂಟಾ?" ಇಲ್ಲ ಎಂದು ವಿಸ್ಮಿತಾ ಎಷ್ಟು ಕೂಗಿ ಹೇಳಿದರೂ ಅವರಿಗೆ ಪೂರ್ತಿ ನಂಬಿಕೆಯಾಗಲಿಲ್ಲ. ಒಮ್ಮೆ ಧನರಾಜನೇ ಹೋಗಿ ಮುಖ ತೋರಿಸಿ ಬಂದ. ಅಪ್ಪ ಮಗ ಎದುರು ಬದುರು ಕೂತು ಚಾ ಕುಡಿದರು. ಒಬ್ಬನಿಗೆ ಮಾತಿಲ್ಲ, ಇನ್ನೊಬ್ಬರಿಗೆ ಕಿವಿಯಿಲ್ಲ.

ಧನರಾಜನ ಮನೆಯಿದ್ದ ಮಡಂತ್ಯಾರಿನ ಪೇಟೆಯಲ್ಲಿ ಹನೀಫಾ ಎಂಬವರ ಅಂಗಡಿಯಿತ್ತು. ಕಾರಿನ ಸೀಟ್ ಕವರು, ಮ್ಯಾಟು, ಮುಖ್ಯವಾಗಿ ಸ್ಟೀರಿಯೋ ಕೂರಿಸುವ ಕೆಲಸ. ಹನೀಫಾ ಶಾರ್ಜಾದಲ್ಲಿ ಅದೇ ಕೆಲಸ ಮಾಡಿ ಪಳಗಿ ಊರಿಗೆ ಬಂದವರು. ವಯಸ್ಸು ಅರುವತ್ತರ ಹತ್ತಿರ. ಪೇಟೆಯವರೆಲ್ಲ ಗೌರವದಿಂದ ಕರೆಯುವುದು ಹನೀಫಾಕ ಎಂದು. ಧನರಾಜನ ಬಸ್ಸಿನ ಸ್ಪೀಕರುಗಳೂ ಅಲ್ಲಿಂದಲೇ ಹೋದವು. ಕೂರಿಸಿದ್ದು ಮಾತ್ರ ಧನರಾಜನೇ. ಹಾಗಾಗಿ ಈ ಕೆಲಸ ತನಗೆ ಗೊತ್ತು ಎಂಬ ಧೈರ್ಯ ಅವನಿಗಿತ್ತು. ಅಂಗಡಿಗೆ ಹೋಗಿ ಮೊಬೈಲಿನಲ್ಲಿ ಬರೆದು ತೋರಿಸಿದ: ಕೆಲಸ ಉಂಟಾ? ವಯರಿಂಗ್ ಬರ್ತದೆ.

ಹನೀಫಾಕ ಕನ್ನಡಕ ಹಣೆಗೇರಿಸಿ ಓದಿದರು. "ನಿನ್ನ ಬಸ್ಸಿನ ವಯರಿಂಗ್ ನಾನು ನೋಡಿದ್ದೇನೆ ಮಾರಾಯ. ಅದು ವಯರಿಂಗ್ ಅಲ್ಲ, ಮಲ್ಲಿಗೆ ಕಟ್ಟುದು."

ಧನರಾಜ ನಕ್ಕ. ನಗು ಕೂಡ ಶಬ್ದವಿಲ್ಲದೆ ಬಂತು. ಆಗ ಹನೀಫಾಕನಿಗೆ ವಿಷಯ ತಿಳಿಯಿತು. "ಮಾತು ಬರುದಿಲ್ವಾ? ಯಾರೋ ಹೇಳಿದ್ರು, ನಂಗೆ ನಂಬಿಕೆ ಆಗ್ಲಿಲ್ಲ. ನಿನ್ನ ಬೊಬ್ಬೆ ಇಲ್ಲಿವರೆಗೆ ಕೇಳ್ತದೆ ಅಂತ ಹೇಳುದಿತ್ತು ಜನ." ಅವರು ಕನ್ನಡಕ ಮೂಗಿಗೆ ಇಳಿಸಿದರು. "ನಾಳೆ ಬಾ. ಆದ್ರೆ ನಿಂಗೆ ಗೊತ್ತುಂಟು ಅಂತ ಎಣಿಸಿದ್ದನ್ನು ಮನೆಯಲ್ಲಿ ಇಟ್ಟು ಬಾ."

ಮೊದಲು ಕಲಿಸಿದ್ದು ಬಿಚ್ಚುವುದನ್ನು. ಅಂಗಡಿಯ ಹಿಂದೆ ಹನೀಫಾಕನ ಹಳೆಯ ಕಾರೊಂದು ನಿಂತಿತ್ತು. ಅದರ ಬಾಗಿಲಿನ ಒಳಹೊದಿಕೆ ತೆಗೆಯಲು ಧನರಾಜ ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿದ. ಟಕ್ ಎಂದು ಕ್ಲಿಪ್ಪು ಮುರಿಯಿತು, ಬಣ್ಣಕ್ಕೆ ಗೀರು ಬಿತ್ತು. ಹನೀಫಾಕ ಬೈಯಲಿಲ್ಲ. ಒಂದು ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ ಕೈಗೆ ಕೊಟ್ಟು, "ಎಲ್ಲಿ ಹಿಡಿದುಕೊಂಡಿದೆ ಅಂತ ಬೆರಳಿಂದ ಹುಡುಕು. ಸಿಕ್ಕಿದ ಮೇಲೆ ಅಲ್ಲೇ ಎಬ್ಬಿಸು," ಎಂದರು. ಬಾಗಿಲು ತೆಗೆಯುವುದು, ಹಾಕುವುದು. ಮತ್ತೆ ತೆಗೆಯುವುದು. ಹಾಕಿದ ಮೇಲೆ ಅಂಗೈಯಿಂದ ತಟ್ಟಿದರೆ ಎಲ್ಲೂ ಗಡಗಡ ಅನ್ನಬಾರದು. ಒಂದು ವಾರ ಅಷ್ಟೇ ನಡೆಯಿತು. ಧನರಾಜನಿಗೆ ಬೇಸರ ಬರಬೇಕಿತ್ತು. ಆದರೆ ಹಿಂದೆ ಯಾರೂ ತಳ್ಳದೆ, ಯಾವ ಸ್ಟಾಪಿಗೂ ತಡವಾಗದೆ, ನಿಂತ ನೆಲದ ಮೇಲೆ ಒಂದು ಕೆಲಸ ಮಾಡುವುದು ಅವನಿಗೆ ಹೊಸದಾಗಿತ್ತು. ರಾತ್ರಿ ಮಲಗಿದಾಗ ಸೊಂಟ ನೋಯುತ್ತಿರಲಿಲ್ಲ.

ಆಮೇಲೆ ವಯರು. ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕು. ತಿರುಚಿ ಟೇಪು ಸುತ್ತುವುದು ಇಲ್ಲವೇ ಇಲ್ಲ. ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ತಾಮ್ರದ ಕೊಳವೆಯೊಳಗೆ ಎರಡು ತುದಿ ಸೇರಿಸಿ ಇಕ್ಕುಳದಿಂದ ಒತ್ತಬೇಕು, ಮೇಲೆ ರಬ್ಬರಿನ ತೊಗಲು ಎಳೆದು ಬಿಸಿಗಾಳಿ ಕೊಟ್ಟು ಬಿಗಿ ಮಾಡಬೇಕು. ಕಂಪನಿಯವರು ಹಾಕಿದ ವಯರನ್ನು ಆದಷ್ಟು ಕತ್ತರಿಸಬಾರದು. ಕರೆಂಟಿನ ದಪ್ಪ ವಯರು ಕಾರಿನ ಒಂದು ಬದಿಯಲ್ಲಿ ಹೋದರೆ ಹಾಡಿನ ಸಪುರ ವಯರು ಇನ್ನೊಂದು ಬದಿಯಲ್ಲಿ. ಎರಡೂ ಅಂಟಿಕೊಂಡು ಹೋದರೆ ಸ್ಪೀಕರಿನಲ್ಲಿ ಇಂಜಿನ್ನು ಕೂಡ ಹಾಡಲು ಶುರು ಮಾಡುತ್ತದೆ. ಇದನ್ನೆಲ್ಲ ಹನೀಫಾಕ ಕೈ ಅಲ್ಲಾಡಿಸುತ್ತ ಹೇಳುತ್ತಿದ್ದರು. ಪ್ರಶ್ನೆ ಕೇಳಲು ಧನರಾಜನಿಗೆ ದನಿ ಇಲ್ಲ. ಅರ್ಥವಾಗದಿದ್ದರೆ ಅಲ್ಲೇ ಕೂತು ದಿಟ್ಟಿಸುತ್ತಿದ್ದ, ಅಷ್ಟೆ. ಅವರು ಮತ್ತೊಮ್ಮೆ ಮಾಡಿ ತೋರಿಸುತ್ತಿದ್ದರು.

ತಾನೇ ಪೂರ್ತಿ ಮಾಡಿದ ಮೊದಲ ಕೆಲಸ ಪುಂಜಾಲಕಟ್ಟೆಯ ಒಂದು ಬಾಡಿಗೆ ವ್ಯಾನಿನದು. ಆಂಪ್ಲಿಫಯರು ಡಿಕ್ಕಿಯಲ್ಲಿ. ಬ್ಯಾಟರಿಯಿಂದ ಅಲ್ಲಿಯವರೆಗೆ ದಪ್ಪ ವಯರು ಎಳೆದ. ಹಾಡು ಚೆನ್ನಾಗಿಯೇ ಬಂತು. ವ್ಯಾನಿನವ ಹೆಬ್ಬೆರಳು ಎತ್ತಿದ. ಹನೀಫಾಕ ಮಾತ್ರ ಬಾನೆಟ್ಟಿನ ಬಳಿ ನಿಂತು ಕೇಳಿದರು: "ಫ್ಯೂಸ್ ಎಲ್ಲಿ?"

ಧನರಾಜ ಡಿಕ್ಕಿಯ ಕಡೆ ಕೈ ತೋರಿಸಿದ. ಆಗ ಅವನಿಗೆ ಮೆಲ್ಲಗೆ ಮಾತಾಡಲು ಅನುಮತಿ ಸಿಕ್ಕಿತ್ತು. "ಆಂಪಿನ ಹತ್ರ," ಎಂದ.

"ಆಂಪಿಗೆ ಏನಾದ್ರೂ ಆದ್ರೆ ಅದು ಕಾಯ್ತದೆ. ಇಲ್ಲಿಂದ ಅಲ್ಲಿವರೆಗೆ ಬರುವ ವಯರಿಗೆ ಯಾರು ದಿಕ್ಕು? ದಾರಿಯಲ್ಲಿ ಎಲ್ಲಿಯಾದ್ರೂ ಸಿಪ್ಪೆ ಹೋಗಿ ತಗಡಿಗೆ ತಾಗಿದ್ರೆ? ಇಡೀ ವಯರು ಕೆಂಡ ಆಗ್ತದೆ. ನಿನ್ನ ಫ್ಯೂಸು ಹಿಂದೆ ಕೂತು ನೋಡ್ತದೆ." ಸಿಟ್ಟು ಬಂದಾಗ ಅವರ ದನಿ ಇನ್ನೂ ತಗ್ಗುತ್ತಿತ್ತು. "ನೀನು ಬಸ್ಸಲ್ಲಿ ಟಿಕೇಟು ಯಾವಾಗ ಕೊಡುದು? ಜನ ಹತ್ತಿದ ಕೂಡ್ಲೇನಾ, ಇಳಿದು ಹೋದ ಮೇಲೆಯಾ?"

ವ್ಯಾನಿನವನನ್ನು ಚಾ ಕುಡಿಯಲು ಕಳಿಸಿ ಇಡೀ ವಯರನ್ನು ಮತ್ತೆ ಹೊಸದಾಗಿ ಎಳೆಸಿದರು. ಫ್ಯೂಸು ಬ್ಯಾಟರಿಯ ಪಕ್ಕಕ್ಕೆ ಬಂತು. ತಗಡಿನ ತೂತಿನಲ್ಲಿ ವಯರು ದಾಟುವಲ್ಲಿ ರಬ್ಬರಿನ ಬಳೆ ಬಂತು. ಸಂಜೆಯಾದರೂ ಧನರಾಜನ ಕಿವಿ ಬಿಸಿಯಾಗಿಯೇ ಇತ್ತು. ಆದರೆ ಆ ರಾತ್ರಿ ಊಟ ಮಾಡುತ್ತ, ತಾನು ಬಸ್ಸಿನಲ್ಲಿ ಮಾಡಿದ ಮಲ್ಲಿಗೆ ಮಾಲೆಯ ವಯರಿಂಗಿನ ಕೆಳಗೆ ಎಷ್ಟು ಜನ ಕೂತು ಹೋಗಿದ್ದರು ಎಂದು ನೆನಪಾಯಿತು. ಮರುದಿನವೇ ಹೋಗಿ ಬಸ್ಸಿನವರಿಗೆ ಹೇಳಿ, ಆ ವಯರುಗಳನ್ನೆಲ್ಲ ಕಿತ್ತು ಸರಿಮಾಡಿ ಕೊಟ್ಟು ಬಂದ. ಆಮೇಲೆ ನಿರಾಳ.

ಎಲ್ಲಕ್ಕಿಂತ ಕಷ್ಟವಾದದ್ದು ಕೇಳುವುದು. ಒಂದು ಕಾರಿಗೆ ನಾಲ್ಕೂ ಬಾಗಿಲಿನ ಸ್ಪೀಕರು ಹಾಕಿ ಮುಗಿಸಿದ್ದ. ಹನೀಫಾಕ ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಒಬ್ಬರೇ ಹಾಡುವ ಒಂದು ಹಾಡು ಹಾಕಿ, ಕಣ್ಣು ಮುಚ್ಚಿಸಿದರು.

"ಹಾಡುವವರು ಎಲ್ಲಿ ಕೂತಿದ್ದಾರೆ?"

ಧನರಾಜ ಪ್ರಯತ್ನಿಸಿದ. ದನಿ ಎಡಕ್ಕೂ ಇದೆ, ಬಲಕ್ಕೂ ಇದೆ. ಎದುರಿಗೆ ಮಾತ್ರ ಯಾರೂ ಇಲ್ಲ. ಮೃದಂಗದ ಪೆಟ್ಟಿನಲ್ಲಿ ತುಂಬು ನಾದವೇ ಇಲ್ಲ. "ಗೊತ್ತಾಗುದಿಲ್ಲ," ಎಂದ.

"ಹೀಗೆ ಹಾಕಿದ್ರೆ ಗೊತ್ತಾಗುದಿಲ್ಲ, ಸರಿಯೇ. ಎಡದ ಬಾಗಿಲು ಬಿಚ್ಚಿ ನೋಡು."

ಬಿಚ್ಚಿದ. ಪ್ಲಸ್ಸು ಮೈನಸ್ಸು ಅದಲು ಬದಲಾಗಿತ್ತು. ಒಂದು ಸ್ಪೀಕರು ಗಾಳಿಯನ್ನು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತಿತ್ತು. ವಯರು ಬದಲಿಸಿ ಮತ್ತೆ ಕೂತು ಕಣ್ಣು ಮುಚ್ಚಿದಾಗ ಹಾಡುಗಾರ ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂತಿದ್ದ. ಉಸಿರು ಎಳೆದುಕೊಳ್ಳುವುದೂ ಕೇಳಿತು. ಧನರಾಜನಿಗೆ ಮೈ ಜುಮ್ಮೆಂದಿತು. ಹತ್ತು ವರ್ಷ ಬಸ್ಸಿನಲ್ಲಿ ಹಾಡು ಹಾಕಿದವನು ಅವನು. ಹಾಡುವವನು ಉಸಿರಾಡುತ್ತಾನೆ ಎಂಬುದು ಅವತ್ತೇ ಗಮನಕ್ಕೆ ಬಂದದ್ದು.

ಏಪ್ರಿಲಿನಲ್ಲಿ ವಿನೋದಕ್ಕ ಬಂದರು. ಬಂಟ್ವಾಳದ ಕಡೆಯ ದೊಡ್ಡ ಮನೆಯವರು, ಐವತ್ತು ದಾಟಿದವರು. ಗಂಡ ಮುಂಡಪ್ಪಣ್ಣನ ಹೋಟೆಲು ಮುಂಬಯಿಯಲ್ಲಿ. ಅವರು ಆಗಾಗ ಮಾತ್ರ ಊರಿಗೆ ಬರುವವರು. ಇಲ್ಲಿನ ಗದ್ದೆ, ನೆಂಟಸ್ತಿಕೆ, ಓಡಾಟವೆಲ್ಲ ವಿನೋದಕ್ಕನದು. ಕಾರು ತಾವೇ ಓಡಿಸುತ್ತಿದ್ದರು. ಅವರಿಗೆ ಯಕ್ಷಗಾನದ ಹುಚ್ಚು.

"ನಂಗೆ ಧಡ್ ಧಡ್ ಬೇಡ," ಎಂದರು. "ಈಗ ಇದ್ದದ್ರಲ್ಲಿ ಚೆಂಡೆ ಕೇಳ್ತದೆ, ಭಾಗವತರು ಎಂತ ಹೇಳ್ತಾರೆ ಅಂತ ಒಂದು ಅಕ್ಷರ ಗೊತ್ತಾಗುದಿಲ್ಲ. ಪದ್ಯ ಬಿಡಿಸಿ ಬಿಡಿಸಿ ಕೇಳ್ಬೇಕು."

ಹನೀಫಾಕ ಆ ಕಾರನ್ನು ಧನರಾಜನಿಗೇ ಬಿಟ್ಟರು. ಅವನು ಎರಡು ದಿನ ತೆಗೆದುಕೊಂಡ. ಬಾಗಿಲಿನ ತಗಡು ನಡುಗದಂತೆ ಒಳಗೆ ದಪ್ಪ ಹಾಳೆ ಅಂಟಿಸಿದ. ಸೀಟಿನಡಿಗೆ ಸಣ್ಣ ಆಂಪು ಇಟ್ಟ. ಕೊನೆಗೆ ವಿನೋದಕ್ಕನ ಮೊಬೈಲಿನಿಂದಲೇ ವೇಷವಿಲ್ಲದೆ ಕೂತು ನಡೆಸುವ ಒಂದು ತಾಳಮದ್ದಳೆ ಹಾಕಿ, ಹಾಡುವ ಭಾಗವತರು ಎದುರಿಗೆ ಬಂದು ಕೂರುವವರೆಗೆ ಹೊಂದಿಸಿದ. ಹನೀಫಾಕ ಒಳಗೆ ಕೂತು ಕೇಳಿ ಹೊರಗೆ ಬಂದು, "ನಂಗೆ ಹೇಳ್ಲಿಕ್ಕೆ ಎಂತ ಇಲ್ಲ," ಎಂದು ಚಾ ಕುಡಿಯಲು ಹೋದರು. ವಿನೋದಕ್ಕ ಮಾತ್ರ ಇಡೀ ಒಂದು ಪದ್ಯ ಮುಗಿಯುವವರೆಗೆ ಸ್ಟೀರಿಂಗ್ ಹಿಡಿದು ಕೂತು ಕೇಳಿದರು.

ಮೇ ತಿಂಗಳ ಮಧ್ಯಾಹ್ನವೊಂದರಲ್ಲಿ ಫೋನ್ ಬಂತು. ಹನೀಫಾಕ ಬಿ.ಸಿ. ರೋಡಿನಲ್ಲಿ ಮದುವೆಗೆ ಹೋಗಿದ್ದರು. ಅಂಗಡಿಯಲ್ಲಿ ಧನರಾಜ ಒಬ್ಬನೇ.

"ನಾನು ವಿನೋದ ಮಾತಾಡುದು. ಕೊಟ್ಟಿಗೆಹಾರದಿಂದ ಬರ್ತಾ ಇದ್ದೇನೆ. ಘಾಟಿ ಇಳಿದು ಮುಂಡಾಜೆ ಹತ್ರ ಬಂದಾಗ ಪದ್ಯ ಒಮ್ಮೆಲೇ ನಿಂತಿತು ಮಾರಾಯ. ಸೆಟ್ಟಿನ ಲೈಟು ಉಂಟು, ಶಬ್ದ ಇಲ್ಲ. ಈಗ ಸುಟ್ಟ ವಾಸನೆ ಬರ್ತಾ ಉಂಟು. ಹೀಗೇ ಬೆಳ್ತಂಗಡಿವರೆಗೆ ಬರ್ಲಾ?"

ಧನರಾಜನ ಕಣ್ಣಿಗೆ ಕೆಂಡವಾದ ವಯರು ಬಂತು. "ಬೇಡ. ನಿಲ್ಲಿಸಿ, ಇಳಿಯಿರಿ," ಎಂದ, ಕೆಲವು ತಿಂಗಳಿನಿಂದ ರೂಢಿಯಾದ ಆ ತಗ್ಗಿದ ದನಿಯಲ್ಲಿ.

"ಎಂತ? ಕೇಳುದಿಲ್ಲ. ಲಾರಿ ಹೋಗ್ತಾ ಉಂಟು."

"ಇಳಿಯಿರಿ ವಿನೋದಕ್ಕ!"

"ಹಲೋ? ಹಲೋ?"

ಅವನು ಎದ್ದು ನಿಂತ. ಮೆಲ್ಲಗೆ, ಡಾಕ್ಟರು ಕಲಿಸಿದ ರೀತಿ, ಯಾವುದೂ ನೆನಪಾಗಲಿಲ್ಲ. "ಗಾಡಿ ನಿಲ್ಲಿಸಿ! ಬಂದ್ ಮಾಡಿ ಇಳಿಯಿರಿ! ದೂರ ಹೋಗಿ ನಿಲ್ಲಿ!"

ಎದುರಿನ ಮೆಡಿಕಲ್ಲಿನವರು ಹೊರಗೆ ಬಂದು ನೋಡಿದರು. ಪೇಟೆಯ ಆ ಬದಿಯವರೆಗೂ ಕೇಳುವಂಥ ದನಿ ಅದು. ಫೋನಿನಲ್ಲಿ ಇಂಜಿನ್ ನಿಂತದ್ದು, ಬಾಗಿಲು ಹಾಕಿದ್ದು ಕೇಳಿತು. "ಇಳಿದೆ, ಇಳಿದೆ," ಎಂದರು ವಿನೋದಕ್ಕ. ಎಲ್ಲಿ ನಿಂತಿದ್ದೀರಿ ಎಂದು ಕೇಳಿದ. ಅವರು ಹೇಳಿದ ಗುರುತಿನ ಮೇಲೆ ನೋಡಿದರೆ ಅದು ಅವನ ಅಪ್ಪನ ಮನೆಯಿಂದ ಇಳಿದು ಬರುವ ದಾರಿಯ ಬುಡವೇ.

ಧನರಾಜ ಅಪ್ಪನಿಗೆ ಫೋನ್ ಮಾಡಿದ.

"ಹಲೋ, ಯಾರು ಮಾತಾಡುದು?" ಎಂದರು ಗುರುವಪ್ಪ.

"ಅಪ್ಪಾ, ನಾನು!"

"ಯಾರು?"

"ನಾನು ಅಪ್ಪ, ಧನು!"

ಅವರಿಗೆ ಕೇಳಿಸಲಿಲ್ಲವೋ ಎಂದು ಅವನು ಇನ್ನೊಮ್ಮೆ ಕೂಗಲು ಹೊರಟಾಗ, "ಕೇಳ್ತದೆ ಮಗ, ಕೇಳ್ತದೆ," ಎಂದರು. "ಹೇಳು."

ಹೇಳಿದ. ಕೆಳಗೆ ರಸ್ತೆಯಲ್ಲಿ ಬಿಳಿ ಕಾರು ನಿಂತಿದೆ, ಒಬ್ಬರು ಹೆಂಗಸು ಇದ್ದಾರೆ, ಅವರನ್ನು ಕಾರಿನ ಹತ್ತಿರ ಹೋಗಲು ಬಿಡಬೇಡಿ, ಹೊಗೆ ಕಂಡರೆ ಜನ ಸೇರಿಸಿ, ನಾನು ಬರುತ್ತಿದ್ದೇನೆ. ಅಂಗಡಿಯ ಶಟರು ಎಳೆದು ಬೈಕು ಹತ್ತಿದ.

ಮಡಂತ್ಯಾರಿನಿಂದ ಮುಂಡಾಜೆಗೆ ಅವನು ನೂರಾರು ಸಲ ಹೋದವನು. ಆ ದಿನ ಗುರುವಾಯನಕೆರೆ, ಬೆಳ್ತಂಗಡಿ ದಾಟಿದ್ದು ಅವನಿಗೆ ತಿಳಿಯಲಿಲ್ಲ. ತಲೆಯಲ್ಲಿ ಒಂದೇ ಪ್ರಶ್ನೆ. ಆ ಕಾರಿಗೆ ಫ್ಯೂಸನ್ನು ಬ್ಯಾಟರಿಯ ಬಳಿ ಹಾಕಿದ್ದೇನಾ? ಹಾಕಿರಲೇಬೇಕು. ಆದರೆ ಹಾಕಿದ್ದು ಕಣ್ಣಿಗೆ ಬರುತ್ತಿಲ್ಲ. ಬಾಗಿಲಿಗೆ ಹಾಳೆ ಅಂಟಿಸಿದ್ದು ನೆನಪಿದೆ, ಭಾಗವತರ ದನಿ ನೆನಪಿದೆ, ಬಾನೆಟ್ಟು ತೆರೆದದ್ದು ಮಾತ್ರ ಮಂಜು. ಕೈಗೆ ರೂಢಿಯಾದ ಕೆಲಸ ಮನಸ್ಸಿಗೆ ಗುರುತು ಬಿಡುವುದಿಲ್ಲ. ಉಜಿರೆಯಲ್ಲಿ ಬಸ್ಸೊಂದು ಅಡ್ಡ ನಿಂತಾಗ ಫೋನ್ ಮತ್ತೆ ಹೊಡೆಯಿತು. ಅಪ್ಪ.

"ನಾನು ಬಂದೆ ಇಲ್ಲಿ. ಅಕ್ಕ ಚೆನ್ನಾಗಿ ಇದ್ದಾರೆ, ನೆರಳಲ್ಲಿ ಕೂರಿಸಿದ್ದೇನೆ. ಬೆಂಕಿ ಇಲ್ಲ, ಹೊಗೆ ಇಲ್ಲ. ಬಾನೆಟ್ಟಲ್ಲಿ ವಾಸನೆಯೂ ಇಲ್ಲ. ವಾಸನೆ ಹಿಂದಿನ ಚಕ್ರದ ಹತ್ರ. ಚಕ್ರ ಮುಟ್ಟಿದ್ರೆ ಕೈ ಸುಡ್ತದೆ. ಒಂದು ಕೊಡ ನೀರು ತಂದಿದ್ದೇನೆ, ಹೊಯ್ಯಲಾ?"

"ಬೇಡ ಬೇಡ, ನೀರು ಹಾಕ್ಬೇಡಿ! ತನ್ನಷ್ಟಕ್ಕೆ ತಣಿಯಲಿ!" ಎಂದು ಧನರಾಜ ನಡುರಸ್ತೆಯಲ್ಲಿ ಕೂಗಿದ. ಚಕ್ರದ ಬಳಿ ಅವನು ಯಾವ ವಯರನ್ನೂ ಎಳೆದಿರಲಿಲ್ಲ. ಬೈಕಿನ ಮೇಲೆ ಕೂತಲ್ಲೇ ಅವನಿಗೆ ಅರ್ಧ ಸಮಾಧಾನವಾಯಿತು. ಆದರೆ ಹಾಡು ನಿಂತದ್ದು ಯಾಕೆ ಎಂಬುದು ಉಳಿದೇ ಇತ್ತು.

ಅವನು ತಲಪಿದಾಗ ವಿನೋದಕ್ಕ ರಸ್ತೆ ಬದಿಯ ಮರದಡಿ ಕಲ್ಲಿನ ಮೇಲೆ ಕೂತು ಗುರುವಪ್ಪ ತಂದ ಮಜ್ಜಿಗೆ ನೀರು ಕುಡಿಯುತ್ತಿದ್ದರು. ಧನರಾಜ ಮೊದಲು ಒಳಗೆ ಇಣುಕಿದ. ಹ್ಯಾಂಡ್‌ಬ್ರೇಕು ಪೂರ್ತಿ ಇಳಿದಿರಲಿಲ್ಲ. ಒಂದು ಹಲ್ಲು ಮೇಲೆಯೇ ನಿಂತಿತ್ತು.

"ವಿನೋದಕ್ಕ, ದಾರಿಯಲ್ಲಿ ಎಲ್ಲಿಯಾದ್ರೂ ನಿಲ್ಲಿಸಿದ್ರಾ?"

"ಕಕ್ಕಿಂಜೆಯಲ್ಲಿ ಒಂದು ಚಾ ಕುಡಿದೆ."

"ಅಲ್ಲಿಂದ ಇಲ್ಲಿವರೆಗೆ ಬ್ರೇಕ್ ಹಿಡಿದುಕೊಂಡೇ ಬಂದಿದ್ದೀರಿ. ವಾಸನೆ ಅದರದ್ದು. ಎದುರಲ್ಲಿ ಕೆಂಪು ಲೈಟ್ ಬರ್ತಿತ್ತಲ್ಲ?"

ವಿನೋದಕ್ಕ ಗ್ಲಾಸು ಕೆಳಗಿಟ್ಟರು. "ಅದು ಬ್ರೇಕಿಂದಾ? ನೀನು ಹಾಕಿದ ಸೆಟ್ಟಿನ ಲೈಟು ಅಂತ ಎಣಿಸಿದೆ ನಾನು! ಪದ್ಯ ನಿಂತಾಗ ನೋಡಿದ್ದು, ಅದಕ್ಕೇ ಕೆಂಪು ಬಂತು ಅಂತ." ಅವರು ತಲೆಗೆ ಕೈ ಹಚ್ಚಿ ನಗತೊಡಗಿದರು. ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ಹೆದರಿದವರು ಹೆದರಿಕೆ ಹೋದ ಮೇಲೆ ನಗುವ ನಗು ಅದು. ಗುರುವಪ್ಪನವರಿಗೆ ಏನೆಂದು ಕೇಳಿಸದಿದ್ದರೂ ಅವರೂ ನಕ್ಕರು.

ಧನರಾಜ ಬಾನೆಟ್ಟು ಎತ್ತಿದ. ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ಫ್ಯೂಸಿನ ಡಬ್ಬಿ ಇತ್ತು. ಅವನು ಹಾಕಿಯೇ ಇದ್ದ. ಮುಚ್ಚಳ ತೆಗೆದಾಗ ಒಳಗಿನ ಪಟ್ಟಿ ತುಂಡಾಗಿತ್ತು. ಅಲ್ಲಿಂದ ವಯರಿನ ಮೇಲೆ ಬೆರಳಾಡಿಸುತ್ತ ಹೋದ. ತಗಡಿನ ತೂತಿಗೆ ಸ್ವಲ್ಪ ಈಚೆಗೆ ಸಿಪ್ಪೆ ಹೋಗಿ ತಾಮ್ರ ಹೊಳೆಯುತ್ತಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಕೊಟ್ಟಿಗೆಹಾರದಲ್ಲಿ ತನ್ನ ಅಕ್ಕನ ಮನೆಯ ಶೆಡ್ಡಿನಲ್ಲಿ ಕಾರು ಒಂದು ವಾರ ನಿಂತಿತ್ತು, ಅಲ್ಲಿ ಇಲಿ ಜಾಸ್ತಿ ಎಂದರು ವಿನೋದಕ್ಕ. ಇಲಿ ಕಡಿದ ವಯರು ಘಾಟಿಯ ಕುಲುಕಾಟಕ್ಕೆ ಸರಿದು ಸರಿದು ಕೊನೆಗೆ ತಗಡಿಗೆ ತಾಗಿತ್ತು. ತಾಗಿದ ಕೂಡಲೇ ಫ್ಯೂಸು ಹೋಯಿತು, ಹಾಡು ನಿಂತಿತು. ವಯರು ಬಿಸಿಯಾಗಲೂ ಸಮಯ ಸಿಕ್ಕಿರಲಿಲ್ಲ. ಒಂದೇ ಹೊತ್ತಿಗೆ ಎರಡು ಬೇರೆ ಬೇರೆ ತೊಂದರೆ ಬಂದು, ಒಂದಕ್ಕೊಂದು ಗಂಟು ಬಿದ್ದು ಎಲ್ಲರನ್ನೂ ಹೆದರಿಸಿತ್ತು.

ಅವನದೇ ಒಂದು ತಪ್ಪೂ ಕಂಡಿತು. ವಯರಿಗೆ ಹೊದಿಸಿದ ಗಟ್ಟಿ ಕೊಳವೆಯನ್ನು ಅವನು ತೂತಿನವರೆಗೆ ಎಳೆದಿರಲಿಲ್ಲ. ನಾಲ್ಕು ಬೆರಳು ಮೊದಲೇ ನಿಲ್ಲಿಸಿದ್ದ. ಇಲಿ ಬಾಯಿ ಹಾಕಿದ್ದು ಸರಿಯಾಗಿ ಆ ನಾಲ್ಕು ಬೆರಳಿಗೆ. ಅಲ್ಲೇ ಕೂತು ಕಡಿದ ಭಾಗ ಕತ್ತರಿಸಿ, ಹೊಸ ತುಂಡು ಜೋಡಿಸಿ, ಕೊಳವೆಯನ್ನು ಈ ಸಲ ಕೊನೆಯವರೆಗೆ ತಂದ. ಹೊಸ ಫ್ಯೂಸು ಹಾಕಿದ. ಅಷ್ಟರಲ್ಲಿ ಚಕ್ರಗಳೂ ತಣ್ಣಗಾಗಿದ್ದವು. ಕಾರನ್ನು ಸ್ವಲ್ಪ ದೂರ ಓಡಿಸಿ, ಬ್ರೇಕು ಹಿಡಿದು ಬಿಟ್ಟು ನೋಡಿ, "ಮೆಲ್ಲಗೆ ಹೋಗಿ. ನಾಳೆ ಬ್ರೇಕಿನವರಿಗೆ ಒಮ್ಮೆ ತೋರಿಸಿ," ಎಂದ. ವಿನೋದಕ್ಕ ಪದ್ಯ ಹಾಕಿಕೊಂಡೇ ಹೊರಟರು. ಭಾಗವತರು ತಿರುವಿನವರೆಗೂ ಕೇಳುತ್ತಿದ್ದರು.

ರಸ್ತೆ ಬದಿಯಲ್ಲಿ ಅಪ್ಪ ಮಗ ಉಳಿದರು. ಗುರುವಪ್ಪ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು, "ಗಂಟಲು ಗುಣ ಆಯ್ತಾ?" ಎಂದು ಕೇಳಿದರು.

ಧನರಾಜ ಬೆಚ್ಚಿದ. ಇಷ್ಟು ಹೊತ್ತು ಅವನಿಗೆ ಗಂಟಲಿನ ಯೋಚನೆಯೇ ಇರಲಿಲ್ಲ. ಈಗ ನುಂಗಿ ನೋಡಿದರೆ ಉರಿಯಿದ್ದಂತಿತ್ತು. ಆರು ತಿಂಗಳು ಕಾಪಾಡಿದ್ದನ್ನು ಒಂದು ಮಧ್ಯಾಹ್ನದಲ್ಲಿ ಹಾಳು ಮಾಡಿಕೊಂಡೆನೇ? "ಗೊತ್ತಿಲ್ಲ ಅಪ್ಪ," ಎಂದ ಮೆಲ್ಲಗೆ. ಅವರಿಗೆ ಕೇಳಿಸಲಿಲ್ಲ. ಅವನು ಅಪ್ಪನ ಕೈಯಿಂದ ಕೊಡ ತೆಗೆದುಕೊಂಡು ಗುಡ್ಡ ಹತ್ತಿದ. ಮನೆಯಲ್ಲಿ ಅಮ್ಮ ಕಾವೇರಮ್ಮ ಮಾಡಿದ ಗಂಜಿ ಉಂಡು ಸಂಜೆ ಮಡಂತ್ಯಾರಿಗೆ ಮರಳಿದ.

ಡಾಕ್ಟರ ಬಳಿ ಹೋಗುವ ದಿನ ಬರುವವರೆಗೆ ಅವನು ಮತ್ತೆ ಮೌನಿಯಾದ. ವಿಸ್ಮಿತಾ ಬೈದಳು, ಆಮೇಲೆ ಬೈದದ್ದಕ್ಕೆ ಬೇಸರಪಟ್ಟುಕೊಂಡಳು. "ಬೊಬ್ಬೆ ಹಾಕದೆ ಇರ್ತಿದ್ರೆ ನಿಮ್ಗೆ ನಿದ್ದೆ ಬರ್ತಿತ್ತಾ?" ಎಂದು ತಾನೇ ಸಮಾಧಾನ ಹೇಳಿದಳು. ಮೂಡುಬಿದಿರೆಯಲ್ಲಿ ಕ್ಯಾಮರಾ ಗಂಟಲಿಗೆ ಇಳಿದಾಗ ಅವನು ಕಣ್ಣು ಮುಚ್ಚಿಕೊಂಡ. ಪರದೆ ನೋಡುವ ಧೈರ್ಯ ಇರಲಿಲ್ಲ. ನೋಡಿದ್ದು ವಿಸ್ಮಿತಾ.

"ಎಲ್ಲಿ?" ಎಂದಳು ಅವಳು. "ಆ ಗಂಟು ಎಲ್ಲಿ ಡಾಕ್ಟ್ರೇ?"

"ಅದನ್ನೇ ನಾನೂ ಹುಡುಕ್ತಾ ಇದ್ದೇನೆ," ಎಂದರು ಡಾಕ್ಟರು. "ಒಂದು ಹೋಗಿದೆ. ಇನ್ನೊಂದು ಇದ್ದೂ ಇಲ್ಲದ ಹಾಗೆ ಉಂಟು. ಆಪರೇಷನ್ ಬೇಡ."

ಕ್ಯಾಮರಾ ಹೊರಗೆ ಬಂದ ಕೂಡಲೇ ಧನರಾಜ ಕಣ್ಣು ತೆರೆದು, ಆ ದಿನದ ಬೊಬ್ಬೆಯ ವಿಷಯ ಹೇಳಿಬಿಟ್ಟ. ಒಂದು ದಿನದ ಕೂಗಿಗೆ ಏನೂ ಆಗುವುದಿಲ್ಲ, ದಿನದಿನದ ಕೂಗಿಗೆ ಆಗುತ್ತದೆ ಎಂದರು ಅವರು. ಇನ್ನು ಎಲ್ಲರಂತೆ ಮಾತಾಡಬಹುದು, ಬಸ್ಸಿಗೆ ಮಾತ್ರ ಹಿಂತಿರುಗಬಾರದು. ಈ ಕೊನೆಯ ಮಾತಿಗೆ ಬೇಸರವಾಗಬೇಕಿತ್ತು ಎಂದು ಧನರಾಜನಿಗೆ ಅನಿಸಿತು. ಆಗಲಿಲ್ಲ. ಹೊರಗೆ ಬಂದು ಹೋಟೆಲಿನಲ್ಲಿ ಇಬ್ಬರೂ ಬನ್ಸ್ ತಿಂದರು. ಮನೆ ತಲಪುವವರೆಗೆ ಬಸ್ಸಿನಲ್ಲಿ ಅವನೇ ಮಾತಾಡಿದ: ಸ್ಪೀಕರಿನ ಪ್ಲಸ್ಸು ಮೈನಸ್ಸು, ಇಲಿಯ ಹಲ್ಲು, ಹನೀಫಾಕನ ಶಾರ್ಜಾದ ಕತೆಗಳು. ಆರು ತಿಂಗಳ ಬಾಕಿ ಮಾತು. ಸಿದ್ದಕಟ್ಟೆ ದಾಟುವಾಗ ವಿಸ್ಮಿತಾ ಅವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಅವನು ಆಮೇಲೂ ಸ್ವಲ್ಪ ದೂರ ಮಾತಾಡುತ್ತಲೇ ಇದ್ದ.

ಮರುದಿನ ಬೆಳಿಗ್ಗೆ ಹನೀಫಾಕ ಎಲ್ಲ ಕೇಳಿಸಿಕೊಂಡರು. ಮುಂಡಾಜೆಯ ಕತೆಯನ್ನು ಇನ್ನೊಮ್ಮೆ ಹೇಳಿಸಿ, ಆ ನಾಲ್ಕು ಬೆರಳಿನ ವಿಷಯ ಬಂದಾಗ, "ನಾನೂ ನೋಡಿದ್ದೆ. ಅಷ್ಟು ಸಾಕು ಅಂತ ಎಣಿಸಿದೆ. ನಂದೂ ತಪ್ಪೇ," ಎಂದರು. ಆಮೇಲೆ ಡಾಕ್ಟರು ಹೇಳಿದ್ದನ್ನು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಗಾದ್ರೆ ಇನ್ನು ಗಿರಾಕಿಗಳ ಹತ್ರ ನೀನೇ ಮಾತಾಡು. ಒಬ್ಬ ಬಂದು ಬಾಸ್ ಜಾಸ್ತಿ ಮಾಡಿ ಅಂತಾನೆ, ಇನ್ನೊಬ್ಬ ಕಡಿಮೆ ಮಾಡಿ ಅಂತಾನೆ. ಈ ಮಾತಾಡಿ ಮಾತಾಡಿ ನಂಗೆ ಸಾಕಾಗಿದೆ ಮಾರಾಯ. ಅದಕ್ಕೇ ಇಷ್ಟು ದಿನ ಕಾದದ್ದು ನಾನು."

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಕಾರೊಂದು ಬಂದು ನಿಂತಿತು. ಮಿಜಾರಿನ ಕಾಲೇಜಿನ ಮೇಡಮ್ ಒಬ್ಬರು ಇಳಿದು, ಹಾಡು ಕೇಳುವಾಗ ಎಲ್ಲೋ ಏನೋ ಗುಂಯ್ ಅನ್ನುತ್ತದೆ, ಇಂಜಿನ್ ಜೋರಾದಷ್ಟೂ ಅದೂ ಜೋರಾಗುತ್ತದೆ ಎಂದರು. "ಬನ್ನಿ ಮೇಡಂ, ಒಮ್ಮೆ ಸ್ಟಾರ್ಟ್ ಮಾಡಿ, ಕೇಳುವ," ಎಂದು ಧನರಾಜ ಮುಂದೆ ಹೋದ. ಹನೀಫಾಕ ಒಂದು ನಿಮಿಷ ಅಲ್ಲೇ ನಿಂತು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಹೇಳದೆ, ಹಗಲು ಹೊತ್ತಿನಲ್ಲಿ ಮನೆಗೆ ಊಟಕ್ಕೆ ಹೋದರು. ಎಷ್ಟೋ ವರ್ಷದ ಮೇಲೆ ಮಧ್ಯಾಹ್ನ ಅಂಗಡಿ ಬಿಟ್ಟು ಬಂದು ಮೀನು ಸಾರಿನ ಜೊತೆ ಬಿಸಿ ಅನ್ನ ಉಂಡರಂತೆ. ಉಂಡು ಸ್ವಲ್ಪ ಮಲಗಿದರಂತೆ.